ಹತ್ತು ಪೆಟ್ಟಿಗೆ, ಮೂವತ್ತೊಂಬತ್ತು ಕಿಲೋ: ಸುಳ್ಯದಲ್ಲಿ ನನ್ನ ಮೊದಲ ಜೇನು ವರ್ಷ

ಸುಳ್ಯ ತಾಲ್ಲೂಕಿನಲ್ಲಿ, ಸಂಪಾಜೆ ಘಾಟಿಯ ಬುಡಕ್ಕೆ ಹತ್ತಿರದಲ್ಲಿ ನಮಗೆ ಎರಡೂವರೆ ಎಕರೆ ಅಡಿಕೆ ತೋಟವಿದೆ. ಹಳದಿ ಎಲೆ ರೋಗ ಬಂದ ಮೇಲೆ ಆ ತೋಟ ಹೆಸರಿಗಷ್ಟೇ ತೋಟವಾಗಿ ಉಳಿದಿದೆ. ಈ ಭಾಗದ ಅನೇಕರಂತೆ ನಾನೂ ಬದಲಿ ಆದಾಯ ಹುಡುಕುತ್ತಾ 2024ರ ಆಗಸ್ಟ್‌ನಲ್ಲಿ ಜೇನು ಸಾಕುವ ನಿರ್ಧಾರಕ್ಕೆ ಬಂದೆ. ಪೆಟ್ಟಿಗೆ ತರುವುದು, ಜೇನುನೊಣ ತುಂಬಿಸುವುದು, ಬೇಸಗೆಯಲ್ಲಿ ಜೇನು ತೆಗೆಯುವುದು, ಇಷ್ಟೇ ಕೆಲಸವೆಂದು ಆಗ ಭಾವಿಸಿದ್ದೆ. ಮೊದಲ ವರ್ಷದ ಲೆಕ್ಕ ಮುಗಿಸಿ ಇದನ್ನು ಬರೆಯುತ್ತಿರುವುದು, ಈ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ಪೆಟ್ಟಿಗೆ ಇಡಲು ಹೊರಟವರಿಗೆ ನನ್ನಷ್ಟು ಗಲಿಬಿಲಿ ಆಗದಿರಲಿ ಎಂಬ ಕಾರಣಕ್ಕೆ.

ಮೊದಲು ಕಾಗದಪತ್ರಗಳ ವಿಷಯ ಹೇಳಿ ಮುಗಿಸುತ್ತೇನೆ. ತೋಟಗಾರಿಕೆ ಇಲಾಖೆಯ ಯೋಜನೆಯಲ್ಲಿ ಪೆಟ್ಟಿಗೆ, ಸ್ಟ್ಯಾಂಡು ಮತ್ತು ಒಂದು ನೊಣದ ಕುಟುಂಬ (ರಾಣಿಯೂ ಅದರ ನೊಣಗಳೂ) ಸೇರಿ 4,500 ರೂಪಾಯಿಯ ಘಟಕಕ್ಕೆ ನನಗೆ ಶೇ 75 ಸಹಾಯಧನ ದೊರೆಯಿತು. ಆಧಾರ್, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ಫೋಟೊ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಪಹಣಿ ಮತ್ತು ತರಬೇತಿ ಪಡೆದ ಪ್ರಮಾಣಪತ್ರ ಇವಿಷ್ಟನ್ನು ಕೊಡಬೇಕಾಯಿತು. ಇವುಗಳಲ್ಲಿ ನನ್ನನ್ನು ಸತಾಯಿಸಿದ್ದು ಪಹಣಿ. ತಂದೆಯವರು ತೀರಿಹೋದ ಮೇಲೆ ಜಮೀನು ಮೂವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿದ್ದ ಕಾರಣ, ಉಳಿದಿಬ್ಬರ ಒಪ್ಪಿಗೆ ಪತ್ರ ಬೇಕೆಂದರು. ಬೆಂಗಳೂರಿನಲ್ಲಿರುವ ಅಣ್ಣ ಸಹಿ ಹಾಕಿ ಕಳುಹಿಸಿದ ಪತ್ರದಲ್ಲಿ ಸರ್ವೆ ನಂಬರಿನ ಒಂದು ಅಂಕಿ ತಪ್ಪಿದ್ದರಿಂದ ಅದು ಮತ್ತೊಮ್ಮೆ ಅಲ್ಲಿಗೆ ಹೋಗಿ ಬರಬೇಕಾಯಿತು. ಹೀಗೆ 40 ದಿನಗಳು ಕಳೆದವು. ಜಂಟಿ ಪಹಣಿ ಇರುವವರು ಅರ್ಜಿ ನಮೂನೆ ಕೇಳುವುದಕ್ಕಿಂತ ಮೊದಲೇ ಈ ಒಪ್ಪಿಗೆ ಪತ್ರವನ್ನು ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಸಹಾಯಧನ ಖಾತೆಗೆ ಬಂದದ್ದು ಮಾರ್ಚ್ ಕೊನೆಯ ವಾರದಲ್ಲಿ. ಅಲ್ಲಿಯವರೆಗೆ ಪೂರ್ತಿ ಹಣ ಕೈಯಿಂದಲೇ ಹೋಗಿತ್ತು. ಯೋಜನೆಯಲ್ಲಿ ನನಗೆ ಸಿಕ್ಕಿದ್ದು 4 ಪೆಟ್ಟಿಗೆ. ಉಳಿದ 6 ಪೆಟ್ಟಿಗೆಗಳನ್ನು ಸ್ವಂತ ಹಣದಲ್ಲಿ ಖರೀದಿಸಿದೆ.

ನವೆಂಬರ್ ಎರಡನೆಯ ವಾರದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ನಮ್ಮ ನಾಡಿನ ತುಡುವೆ ಜೇನಿನ ಹತ್ತು ಕುಟುಂಬಗಳು ಮನೆಗೆ ಬಂದವು. ಅವುಗಳನ್ನು ಆರಿಸಲು ನನ್ನ ಜೊತೆಗೆ ಬಂದವರು ನಮ್ಮ ದೂರದ ಸಂಬಂಧಿಯೂ, ಮೂರು ಕಿಲೋಮೀಟರ್ ಆಚೆ ಹೊಳೆಯ ಇನ್ನೊಂದು ದಡದಲ್ಲಿ ಬಹುಕಾಲದಿಂದ ಜೇನು ಸಾಕುತ್ತಿರುವವರೂ ಆದ ಒಬ್ಬ ಭಾವ. ಪ್ರತಿ ಪೆಟ್ಟಿಗೆಯ ಸಂಸಾರ ಕೋಣೆಯಿಂದ, ಅಂದರೆ ಮರಿ ಬೆಳೆಯುವ ಕೆಳಗಿನ ಭಾಗದಿಂದ, ಎರಿಗಳನ್ನು (ಮೇಣದ ಹಲ್ಲೆಗಳನ್ನು) ಎತ್ತಿ, ಮರಿಹುಳುಗಳು ನೀರು ತುಂಬಿದ ಚೀಲದಂತೆ ಊದಿಕೊಂಡಿವೆಯೇ ಎಂದು ಅವರು ನೋಡುತ್ತಿದ್ದರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ನಾಶಮಾಡಿತ್ತು. ಆ ಕಾಲವನ್ನು ಕಂಡವರು ಇಂದಿಗೂ ಮರಿಹುಳುಗಳನ್ನು ನೋಡದೆ ಕುಟುಂಬ ಖರೀದಿಸುವುದಿಲ್ಲ.

ಪೆಟ್ಟಿಗೆಗಳನ್ನು ಇಡುವ ಜಾಗದ ವಿಷಯದಲ್ಲಿ ನಾನು ಭಾವನ ಮಾತು ಕೇಳಲಿಲ್ಲ. ನೋಡಿಕೊಳ್ಳಲು ಸುಲಭವೆಂದು ಮನೆಯ ಹಿಂದಿನ ತೋಟದ ಅಂಚಿನಲ್ಲೇ ಹತ್ತನ್ನೂ ಸಾಲಾಗಿ ಇಟ್ಟೆ. ತುಡುವೆ ನೊಣ ಸಾಮಾನ್ಯವಾಗಿ ಮೇವಿಗೆ ಹೋಗುವುದು ಒಂದು ಕಿಲೋಮೀಟರ್‌ನ ಒಳಗೆ. ಅಂದರೆ ಪೆಟ್ಟಿಗೆಯನ್ನು ಎಲ್ಲಿ ಇಡುತ್ತೇವೆಯೋ ಅದರ ಸುತ್ತಲಿನ ಅಷ್ಟು ಜಾಗವೇ ಅದಕ್ಕೆ ಇಡೀ ಊರು. ನಮ್ಮ ಮನೆಯ ಸುತ್ತ ಅಡಿಕೆ ಮತ್ತು ತೆಂಗು ಇರುವುದರಿಂದ ಪರಾಗಕ್ಕೆ ಕೊರತೆಯಿಲ್ಲ. ಆದರೆ ಮಕರಂದ ಕೊಡುವ ರಬ್ಬರ್ ತೋಟ ಒಂದು ಬದಿಯಲ್ಲಿ ಮಾತ್ರ ಇದೆ, ಇನ್ನೊಂದು ಬದಿಗೆ ಗೇರು ಗುಡ್ಡೆ, ಮತ್ತೊಂದು ಬದಿಗೆ ಬರೀ ಮುಳಿ ಹುಲ್ಲು. ಭಾವನ ಮನೆಯಾದರೋ ಎರಡು ರಬ್ಬರ್ ತೋಟಗಳ ನಡುವಿನ ಕಣಿವೆಯಲ್ಲಿದ್ದು, ಬೆನ್ನಿಗೆ ನೇರಳೆ ಮರಗಳಿರುವ ಕಾಡು ಇದೆ. ಈ ವ್ಯತ್ಯಾಸಕ್ಕೆ ಎಷ್ಟು ಬೆಲೆಯೆಂಬುದು ನನಗೆ ತಿಳಿದದ್ದು ಮೇ ತಿಂಗಳಲ್ಲಿ.

ನವೆಂಬರ್‌ನಲ್ಲಿ ನಾಚಿಕೆಮುಳ್ಳಿನ ಪರಾಗ ಬರುತ್ತಿತ್ತು, ಡಿಸೆಂಬರ್‌ಗೆ ಕಮ್ಯುನಿಸ್ಟ್ ಗಿಡವೆಂಬ ಕಳೆ ಹೂ ಬಿಡಲು ಸಜ್ಜಾಗಿತ್ತು. ಕುಟುಂಬಗಳು ಚೆನ್ನಾಗಿ ಬೆಳೆಯುತ್ತಿವೆಯೆಂದು ನಾನು ಸಂತೋಷಪಡುತ್ತಿರುವಾಗಲೇ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಪ್ರಭಾವದಿಂದ ನಮ್ಮ ಜಿಲ್ಲೆಯಲ್ಲಿಯೂ ಜೋರು ಮಳೆಯಾಯಿತು. ಶಾಲೆಗಳಿಗೆ ರಜೆ ಕೊಡುವಷ್ಟು ಮಳೆ. ಎರಡು ಮೂರು ದಿನ ನೊಣಗಳು ಹೊರಬರಲಿಲ್ಲ, ಅಷ್ಟೇ ನಷ್ಟವೆಂದು ನಾನು ಭಾವಿಸಿದೆ. ಭಾವ ಮಾತ್ರ ಫೋನಿನಲ್ಲಿ, “ನೊಣದ್ದು ಬಿಡು ಮಾರಾಯ, ಈ ಮಳೆಗೆ ರಬ್ಬರ್ ಎಲೆ ಸರಿಯಾಗಿ ಉದುರುತ್ತದಾ ನೋಡು” ಎಂದರು. ಡಿಸೆಂಬರ್‌ನ ಮಳೆಗೂ ಮಾರ್ಚ್‌ನ ಜೇನಿಗೂ ಏನು ಸಂಬಂಧವೆಂದು ನನಗೆ ಅರ್ಥವಾಗಲಿಲ್ಲ.

ಸಂಬಂಧ ಹೀಗಿದೆ. ರಬ್ಬರ್ ಜೇನು ಹೂವಿನಿಂದ ಬರುವುದಲ್ಲ. ರಬ್ಬರ್ ಮರ ಡಿಸೆಂಬರ್-ಜನವರಿಯಲ್ಲಿ ಎಲೆ ಉದುರಿಸಿ, ಜನವರಿ ಕೊನೆಯಿಂದ ಹೊಸ ತಳಿರು ಬಿಡುತ್ತದೆ. ಒಂದು ತೊಟ್ಟಿನಲ್ಲಿ ಮೂರು ಎಲೆಗಳು ಸೇರುವ ಜಾಗದಲ್ಲಿ ಸಣ್ಣ ಗ್ರಂಥಿಗಳಿವೆ. ತಾಮ್ರದ ಬಣ್ಣದ ತಳಿರು ತಿಳಿಹಸಿರಿಗೆ ತಿರುಗಿ ಇನ್ನೂ ಪೂರ್ತಿ ಬಲಿಯದಿರುವ ದಿನಗಳಲ್ಲಿ ಆ ಗ್ರಂಥಿಗಳಿಂದ ಮಕರಂದ ಒಸರುತ್ತದೆ. ಎಲೆ ಬಲಿತು ಕಡುಹಸಿರಾದರೆ ಅದು ನಿಲ್ಲುತ್ತದೆ. ಒಣ ಹವೆಯಲ್ಲಿ ಇಡೀ ತೋಟ ಒಟ್ಟಿಗೆ ಎಲೆ ಉದುರಿಸಿದರೆ ತಳಿರೂ ಒಟ್ಟಿಗೆ ಬಂದು, ಮೂರು ನಾಲ್ಕು ವಾರಗಳ ಕಾಲ ಮಕರಂದದ ಹೊಳೆಯೇ ಹರಿಯುತ್ತದೆ. ಅಕಾಲದಲ್ಲಿ ಮಳೆ ಬಿದ್ದರೆ ಕೆಲವು ಮರಗಳು ಬೇಗ, ಕೆಲವು ತಡವಾಗಿ ಎಲೆ ಉದುರಿಸುವುದರಿಂದ ಮಕರಂದವೂ ಚದುರಿ ಹೋಗುತ್ತದೆ. ಅಂತಹ ವರ್ಷದಲ್ಲಿ ನೊಣಗಳ ಹೊಟ್ಟೆಗೆ ಸಾಕಾಗುತ್ತದೆ, ನಾವು ಜೇನು ತೆಗೆಯುವ ಮೇಲಿನ ಭಾಗಕ್ಕೆ, ಅಂದರೆ ಜೇನು ಕೋಣೆಗೆ, ಉಳಿಯುವುದು ಕಡಿಮೆ. ನಮ್ಮ ಪಕ್ಕದ ತೋಟದಲ್ಲಿ ಆದದ್ದು ಇದೇ. ಜನವರಿ ನಡುವಿನಲ್ಲಿ ಒಂದು ಸಾಲು ಬೋಳಾಗಿದ್ದರೆ ಅದರ ಪಕ್ಕದ ಸಾಲು ಹಸಿರಾಗಿಯೇ ನಿಂತಿತ್ತು.

ಜನವರಿಯಲ್ಲಿ ಎರಡು ಕೆಲಸಗಳನ್ನು ಒಟ್ಟಿಗೆ ಮಾಡಬೇಕಿತ್ತು. ಮೊದಲನೆಯದು ಸಕ್ಕರೆ ಪಾಕ. ಮೊಟ್ಟೆಯಿಟ್ಟ ದಿನದಿಂದ ಕೆಲಸಗಾರ ನೊಣ ಬೆಳೆದು ಕೋಶದಿಂದ ಹೊರಬರಲು ಸುಮಾರು ಮೂರು ವಾರ ಬೇಕು, ಹೊರಬಂದ ಮೇಲೆ ಮೇವಿಗೆ ಹೋಗಲು ಮತ್ತೆ ಎರಡು ಮೂರು ವಾರ ಬೇಕು. ಆದ್ದರಿಂದ ಮಕರಂದ ಆರಂಭವಾಗುವ ದಿನಕ್ಕೆ ಆರು ವಾರ ಮೊದಲೇ ರಾಣಿ ಮೊಟ್ಟೆಯಿಡುವುದು ಜೋರಾಗಿರಬೇಕು. ಒಂದಕ್ಕೆ ಒಂದರಂತೆ ಸಕ್ಕರೆ ಮತ್ತು ನೀರು ಬೆರೆಸಿ, ಸಂಜೆ ಹೊತ್ತು ಸ್ವಲ್ಪ ಸ್ವಲ್ಪವಾಗಿ ಕೊಡುವಂತೆ ತರಬೇತಿಯಲ್ಲಿ ಹೇಳಿದ್ದರು. ನಾನು ಆರಂಭಿಸಿದ್ದು ಜನವರಿ 20ರ ನಂತರ. ಎರಡು ವಾರ ತಡವಾಯಿತೆಂದು ಈಗ ಹೇಳಬಲ್ಲೆ. ಜೇನು ಕೋಣೆ ಏರಿಸಿದ ಮೇಲೆ ಪಾಕ ಕೊಡಲೇಬಾರದು. ಕೊಟ್ಟರೆ ನಾವು ತೆಗೆಯುವುದು ಸಕ್ಕರೆಯನ್ನೇ ಹೊರತು ಜೇನನ್ನಲ್ಲ.

ಎರಡನೆಯದು ಗೇರಿನ ಔಷಧಿ. ಗೇರು ಹೂ ಬಿಟ್ಟಾಗ ಟೀ ಸೊಳ್ಳೆ ಎಂಬ ಕೀಟದ ಕಾಟಕ್ಕೆ ಕೀಟನಾಶಕ ಸಿಂಪಡಿಸುವುದು ವಾಡಿಕೆ, ಆ ಹೂವಿಗೆ ನನ್ನ ನೊಣಗಳು ಹೋಗುತ್ತಿದ್ದವು. ಒಂದು ಮಧ್ಯಾಹ್ನ ಪೆಟ್ಟಿಗೆಗಳ ಮುಂದೆ ಸತ್ತ ಮತ್ತು ಸಾಯುತ್ತಿರುವ ನೊಣಗಳ ರಾಶಿ ಕಂಡಾಗ ಏನು ಮಾಡಬೇಕೆಂದೇ ತೋಚಲಿಲ್ಲ. ನೆರೆಯವರದ್ದು ತಪ್ಪೆಂದು ನಾನು ಹೇಳಲಾರೆ, ಅವರಿಗೆ ಅವರ ಬೆಳೆ ಉಳಿಯಬೇಕು. ಹೋಗಿ ಮಾತನಾಡಿದೆ. ಮುಂದಿನ ಸಿಂಪಡಣೆಯ ಹಿಂದಿನ ದಿನ ತಿಳಿಸುವುದಾಗಿಯೂ, ನೊಣಗಳು ಗೂಡು ಸೇರಿದ ಮೇಲೆ ಸಂಜೆ ಸಿಂಪಡಿಸುವುದಾಗಿಯೂ ಒಪ್ಪಿಕೊಂಡರು, ಹಾಗೆಯೇ ನಡೆದುಕೊಂಡರು. ಈ ಮಾತುಕತೆಯನ್ನು ನವೆಂಬರ್‌ನಲ್ಲೇ ಮಾಡಬೇಕಿತ್ತು. ಪೆಟ್ಟಿಗೆ ಇಡುವ ಮೊದಲು ಸುತ್ತಲಿನ ಮನೆಗಳಿಗೆ ಹೋಗಿ ಒಂದು ಲೋಟ ಚಹಾ ಕುಡಿದು ಬರುವುದು ಖರ್ಚಿಲ್ಲದ ಕೆಲಸ. ಹೊಡೆತ ತಿಂದ ಎರಡು ಕುಟುಂಬಗಳಲ್ಲಿ ಒಂದು ಚೇತರಿಸಿಕೊಂಡಿತು. ಇನ್ನೊಂದರ ಎರಿಗಳಿಗೆ ಮೇಣದ ಹುಳು ಬಿದ್ದು, ಫೆಬ್ರುವರಿ ಆರಂಭದ ಒಂದು ಬೆಳಿಗ್ಗೆ ನೋಡುವಾಗ ಪೆಟ್ಟಿಗೆ ಖಾಲಿಯಾಗಿತ್ತು.

ಫೆಬ್ರುವರಿ ನಡುವಿನಲ್ಲಿ ತಳಿರು ತಿಳಿಹಸಿರಿಗೆ ತಿರುಗಿತು. ಬೆಳಿಗ್ಗೆ ಏಳು ಗಂಟೆಗೆ ರಬ್ಬರ್ ತೋಟದ ಕೆಳಗೆ ನಿಂತರೆ ತಲೆಯ ಮೇಲೆ ಒಂದು ನಿರಂತರ ಝೇಂಕಾರ ಕೇಳುತ್ತಿತ್ತು. ಅಷ್ಟು ದಿನಗಳ ಕಾಯುವಿಕೆಯ ಬೇಸರವೆಲ್ಲ ಆ ಸದ್ದಿನಲ್ಲಿ ಮರೆತುಹೋಯಿತು. ಆದರೆ ಬೆಳಗಿನ ಜಾವದ ದಟ್ಟ ಮಂಜಿನಿಂದ ಕೆಲವು ಮರಗಳ ತಳಿರಿಗೆ ಬೂದಿ ರೋಗ ಬಂದು, ಎಳೆ ಎಲೆಗಳು ನೆಲಕ್ಕೆ ಬೀಳತೊಡಗಿದವು. ಬಿದ್ದ ಪ್ರತಿಯೊಂದು ಎಲೆಯ ಜೊತೆಗೆ ಅದರ ಮಕರಂದವೂ ಹೋಯಿತು. ಮಂಜು ಬೇಗ ಕರಗಿ ಬಿಸಿಲು ಚುರುಕಾದ ದಿನ ಜೇನು ಕೋಣೆ ಕಣ್ಣಿಗೆ ಕಾಣುವಂತೆ ತುಂಬುತ್ತಿತ್ತು, ಮೋಡ ಮುಸುಕಿದ ದಿನ ಹಾಗೆಯೇ ಇರುತ್ತಿತ್ತು. ನಾನು ಆತುರದಿಂದ ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡುತ್ತಿದ್ದುದನ್ನು ಕಂಡು ಭಾವ, “ನೀನು ಮುಚ್ಚಳ ತೆಗೆಯುವುದು ಕಡಿಮೆ ಮಾಡು, ತಲೆ ಎತ್ತಿ ಮರ ನೋಡು” ಎಂದು ಗದರಿದರು.

ಮೊದಲ ಬಾರಿ ಜೇನು ತೆಗೆದದ್ದು ಮಾರ್ಚ್ 2ರಂದು. ಒಂಬತ್ತು ಪೆಟ್ಟಿಗೆಗಳಿಂದ 9 ಕಿಲೋ ಬಂತು. ಎರಿಯ ಮುಕ್ಕಾಲು ಭಾಗಕ್ಕಾದರೂ ನೊಣಗಳು ಮೇಣದ ಮುಚ್ಚಳ ಹಾಕಿದ ಮೇಲೆಯೇ ತೆಗೆಯಬೇಕೆಂಬುದು ಗೊತ್ತಿದ್ದರೂ, ಅರ್ಧಕ್ಕೆ ಮುಚ್ಚಳ ಬಿದ್ದದ್ದನ್ನು ಕಂಡು ಕೈ ತಡೆಯಲಿಲ್ಲ. ತೇವಾಂಶ ಮಾಪಕ ಶೇ 22.5 ತೋರಿಸಿತು. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಅದು ಶೇ 20ನ್ನು ಮೀರಬಾರದು. ಆ 9 ಕಿಲೋವನ್ನು ತೇವಾಂಶ ಇಳಿಸಿ ಸಂಸ್ಕರಿಸುವವರಿಗೆ ಕಿಲೋಗೆ 350 ರೂಪಾಯಿಯಂತೆ ಕೊಡಬೇಕಾಯಿತು. ಎರಡನೆಯ ಬಾರಿ, ಮಾರ್ಚ್ 12ರಂದು, ಹತ್ತು ದಿನ ಸತತ ಬಿಸಿಲಿದ್ದ ಫಲವಾಗಿ 14.5 ಕಿಲೋ ಸಿಕ್ಕಿತು. ತೇವಾಂಶ ಶೇ 19.5 ಇತ್ತು. ಇಡೀ ವರ್ಷದಲ್ಲಿ ನನಗೆ ಹೆಮ್ಮೆ ತಂದ ಜೇನು ಅದೊಂದೇ. ಮೂರನೆಯದು ಮಾರ್ಚ್ 23ಕ್ಕೆ, 7 ಕಿಲೋ. ಅಷ್ಟರಲ್ಲಿ ಎಲೆಗಳು ಬಲಿತು ಕಡುಹಸಿರಾಗಿದ್ದವು. ಖರೀದಿಸುವವರಿಗೆ ಒಂದು ಮಾತು ಹೇಳಬೇಕು: ರಬ್ಬರ್ ಜೇನು ಕೆಲವು ತಿಂಗಳಲ್ಲಿ ಹರಳುಗಟ್ಟುವುದು ಸಹಜ. ಸಕ್ಕರೆ ಬೆರೆಸಿದ್ದೀರಾ ಎಂದು ನನ್ನನ್ನು ಇಬ್ಬರು ಕೇಳಿಯೇಬಿಟ್ಟರು. ಈಗ ಬಾಟಲಿ ಕೊಡುವಾಗಲೇ ಅದನ್ನು ವಿವರಿಸುತ್ತೇನೆ.

ಇಲ್ಲಿ ರಬ್ಬರ್ ಮುಗಿದಾಗ ಘಾಟಿಯ ಮೇಲೆ ಕಾಫಿ ಹೂವಿನ ಆಸೆ ಹುಟ್ಟಿತು. ಕೊಡಗಿನಲ್ಲಿರುವ ಪರಿಚಯದವರೊಬ್ಬರ ರೊಬಸ್ಟಾ ತೋಟಕ್ಕೆ ಹೂಮಳೆ ಬಿದ್ದ ಸುದ್ದಿ ಬಂತು. ಮಳೆ ಬಿದ್ದ ಏಳೆಂಟು ದಿನಕ್ಕೆ ರೊಬಸ್ಟಾ ಗಿಡ ಒಮ್ಮೆಲೇ ಬೆಳ್ಳಗೆ ಅರಳುತ್ತದೆ, ಹೂವು ತಾಜಾ ಇರುವುದು ಎರಡು ಮೂರು ದಿನ ಮಾತ್ರ. ರೊಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟದ ಜಾತಿಯಾದ್ದರಿಂದ ತೋಟದವರಿಗೂ ನೊಣ ಬೇಕು. ಜಾಗಕ್ಕೆ ಬಾಡಿಗೆ ಕೇಳಲಿಲ್ಲ. ಕತ್ತಲಾದ ಮೇಲೆ ಆರು ಪೆಟ್ಟಿಗೆಗಳ ಬಾಗಿಲಿಗೆ ಬಲೆ ಕಟ್ಟಿ, ಚೌಕಟ್ಟುಗಳು ಅಲುಗದಂತೆ ಬಿಗಿದು, ಪಿಕಪ್‌ನಲ್ಲಿ ಘಾಟಿ ಹತ್ತಿಸಿದೆ. ಬಾಡಿಗೆ ಹೋಗಲು 2,600, ಬರಲು 2,600 ರೂಪಾಯಿ. ಚೌಕಟ್ಟುಗಳು ವಾಹನ ಸಾಗುವ ದಿಕ್ಕಿಗೇ ಉದ್ದವಾಗಿರುವಂತೆ ಪೆಟ್ಟಿಗೆ ಇಡಬೇಕೆಂಬುದು ಗೊತ್ತಿರದೆ ಒಂದನ್ನು ಅಡ್ಡಲಾಗಿ ಇಟ್ಟಿದ್ದೆ. ಬ್ರೇಕ್ ಹಾಕಿದಾಗಲೆಲ್ಲ ಎರಿಗಳು ತೂಗಿ, ಅದರಲ್ಲಿ ಎರಡು ಮುರಿದವು.

ಮರುದಿನ ಬೆಳಿಗ್ಗೆ ಗುಡ್ಡವೆಲ್ಲ ಹಿಮ ಬಿದ್ದಂತೆ ಬಿಳಿಯಾಗಿತ್ತು. ಆ ಪರಿಮಳವನ್ನು ನಾನು ಮರೆಯಲಾರೆ. ಎರಡನೆಯ ದಿನ ಮಧ್ಯಾಹ್ನ ಆಲಿಕಲ್ಲು ಸಹಿತ ಮಳೆ ಸುರಿಯಿತು. ಹತ್ತು ದಿನ ಹಿಂದೆ ಬಿದ್ದಾಗ ವರವಾಗಿದ್ದ ಅದೇ ಮಳೆ ಅರಳಿದ ಹೂವಿನ ಮೇಲೆ ಬಿದ್ದಾಗ ಎಲ್ಲವನ್ನೂ ತೊಳೆದುಬಿಟ್ಟಿತು. ಆರು ಪೆಟ್ಟಿಗೆಗಳಿಂದ ಸಿಕ್ಕ ಕಾಫಿ ಜೇನು ಎರಡೂವರೆ ಕಿಲೋ. ಕಿಲೋಗೆ ಸಾಗಾಟದ ವೆಚ್ಚವೇ 2,080 ರೂಪಾಯಿ ಬಿದ್ದ ಆ ಜೇನನ್ನು ಮಾರಲು ಮನಸ್ಸಾಗದೆ ಮನೆಯಲ್ಲೇ ಇಟ್ಟುಕೊಂಡೆವು. ಮೊದಲ ವರ್ಷದಲ್ಲಿ ಹೀಗೆ ಪೆಟ್ಟಿಗೆ ಹೊತ್ತುಕೊಂಡು ಹೋಗುವುದು ಬೇಡವೆಂಬುದು ನನ್ನ ಅಭಿಪ್ರಾಯ. ಹೋಗಲೇಬೇಕೆಂದರೆ ತುಂತುರು ನೀರಾವರಿಯಿಂದ ಹೂ ಬರಿಸುವ ತೋಟವನ್ನು ಆರಿಸಿಕೊಳ್ಳಿ. ಅಲ್ಲಿ ಅರಳುವ ದಿನವಾದರೂ ಮೊದಲೇ ಗೊತ್ತಿರುತ್ತದೆ.

ಏಪ್ರಿಲ್‌ನಲ್ಲಿ ಕುಟುಂಬಗಳನ್ನು ಮನೆಗೆ ತಂದಾಗ ಉಳಿದಿದ್ದ ಭರವಸೆ ನೇರಳೆ. ನಮ್ಮಲ್ಲಿರುವುದು ಹೊಳೆಬದಿಯ ಏಳೆಂಟು ಮರಗಳಷ್ಟೇ. ಬೆಳಿಗ್ಗೆ ಬಿಸಿಲು, ಸಂಜೆ ಗುಡುಗು ಮಳೆ ಎಂಬ ಕ್ರಮದಲ್ಲಿ ತಿಂಗಳು ಸಾಗಿತು. ಮೇ 4ರಂದು 6 ಕಿಲೋ ತೆಗೆದೆ. ಬಣ್ಣ ಕಡು, ತುಸು ಒಗರು. ತೇವಾಂಶ ಸರಿಯಾಗಿ ಶೇ 20.

ಆಮೇಲಿನದು ನನ್ನ ದೊಡ್ಡ ತಪ್ಪು. ಮಳೆಗಾಲ ಜೂನ್ ಮೊದಲ ವಾರಕ್ಕೆಂಬ ಹಳೆಯ ಲೆಕ್ಕದಲ್ಲಿ ಕಾಡುಹೂಗಳ ಕೊನೆಯ ಜೇನನ್ನು ಮೇ 25ಕ್ಕೆ ತೆಗೆಯುವುದೆಂದು ನಿಶ್ಚಯಿಸಿದ್ದೆ. ಮೇ ನಡುವಿನಿಂದಲೇ ಮಳೆ ಬಿಡದೆ ಹಿಡಿಯಿತು. ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು 2025ರಲ್ಲಿ ಮೇ 24ಕ್ಕೇ ಬಂದು, ಒಂದೆರಡು ದಿನದಲ್ಲಿ ನಮ್ಮ ಕರಾವಳಿಯನ್ನೂ ಆವರಿಸಿತು. ಅದಕ್ಕೆ ಮೊದಲೇ ಗಾಬರಿಯಾಗಿ ಮೇ 20ರಂದು, ಜಿನುಗುವ ಮಳೆಯಲ್ಲೇ, ಮುಚ್ಚಳ ಕಾಲುಭಾಗವೂ ಬೀಳದಿದ್ದ ಎರಿಗಳನ್ನು ಯಂತ್ರಕ್ಕೆ ಹಾಕಿ 5 ಕಿಲೋ ತೆಗೆದೆ. ಗಾಳಿಯಲ್ಲಿ ತೇವ ತುಂಬಿದಾಗ ನೊಣಗಳು ಎಷ್ಟು ರೆಕ್ಕೆ ಬೀಸಿದರೂ ಮಕರಂದ ಆರುವುದಿಲ್ಲ. ಮಾಪಕ ಶೇ 26 ತೋರಿಸಿತು. ಜೂನ್ ಎರಡನೆಯ ವಾರಕ್ಕೆ ಆ ಜೇನು ನೊರೆಯೆದ್ದು ಹುಳಿ ವಾಸನೆ ಬಂದು, ಒಂದು ಬಾಟಲಿಯ ಮುಚ್ಚಳ ತಾನಾಗಿಯೇ ಹಾರಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಮಳೆಗಾಲಕ್ಕೆ ನೊಣಗಳ ಆಹಾರವಾಗಬೇಕಿದ್ದ ಆ ಐದು ಕಿಲೋವನ್ನು ನಾನು ಕಿತ್ತುಕೊಂಡಿದ್ದೆ. ಅದನ್ನು ಸಕ್ಕರೆ ಪಾಕದಿಂದ ತೀರಿಸುತ್ತಾ ಬರುತ್ತಿದ್ದೇನೆ.

ಈಗ ಲೆಕ್ಕ. ಸಹಾಯಧನ ಕಳೆದು ಪೆಟ್ಟಿಗೆ ಮತ್ತು ಕುಟುಂಬಗಳಿಗೆ 31,500, ಸಕ್ಕರೆ 35 ಕಿಲೋಗೆ 1,575, ಸಾಗಾಟಕ್ಕೆ 5,200, ಮುಖಪರದೆ, ಹೊಗೆ ತಿದಿ ಮತ್ತು ಮಾಪಕಕ್ಕೆ 2,400, ಬಾಟಲಿಗಳಿಗೆ 1,300, ಆಹಾರ ಸುರಕ್ಷತಾ ನೋಂದಣಿಗೆ 100 ಸೇರಿ ಒಟ್ಟು 42,075 ರೂಪಾಯಿ ಖರ್ಚಾಯಿತು. ಜೇನು ತೆಗೆಯುವ ಯಂತ್ರ ಭಾವನದ್ದು. ಕೆಟ್ಟ ಐದು ಕಿಲೋ ಬಿಟ್ಟು ಕೈಗೆ ಬಂದ ಜೇನು 39 ಕಿಲೋ. ಅದರಲ್ಲಿ 5 ಕಿಲೋ ಮನೆಗೆ, 9 ಕಿಲೋ ಸಂಸ್ಕರಣೆಯವರಿಗೆ, 25 ಕಿಲೋ ಪರಿಚಿತರಿಗೆ ತಲಾ 600ರಂತೆ ಹೋಗಿ 18,150 ರೂಪಾಯಿ ಬಂತು. ಪೆಟ್ಟಿಗೆಗಳು ಮುಂದಿನ ವರ್ಷಕ್ಕೂ ಇರುವುದರಿಂದ ಇದನ್ನು ಪೂರ್ತಿ ನಷ್ಟವೆನ್ನಲಾರೆ. ಆದರೆ ಅದೇ ಮಳೆ, ಅದೇ ಮಂಜು ಕಂಡ ಭಾವನಿಗೆ ಪೆಟ್ಟಿಗೆಯೊಂದಕ್ಕೆ ಸರಾಸರಿ 9 ಕಿಲೋ ಸಿಕ್ಕಿದೆ, ನನಗೆ ನಾಲ್ಕು ಕಿಲೋ ಚಿಲ್ಲರೆ. ಅವರ ಎರಡು ರಬ್ಬರ್ ತೋಟಗಳಲ್ಲಿ ಒಂದು ಬೇಗ, ಇನ್ನೊಂದು ತಡವಾಗಿ ಚಿಗುರಿದ್ದರಿಂದ ನನಗೆ ಮಕರಂದ ನಿಂತ ಮೇಲೂ ಅವರಿಗೆ ಹತ್ತು ದಿನ ಹೆಚ್ಚು ಸಿಕ್ಕಿತು. ನೇರಳೆಯೂ ನನ್ನದಕ್ಕಿಂತ ಎಷ್ಟೋ ಪಟ್ಟು.

ಭಾವನ ಬಳಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಅದರಲ್ಲಿ ಹಣದ ಲೆಕ್ಕವಿಲ್ಲ. ಯಾವ ಗುಡ್ಡೆಯ ರಬ್ಬರ್ ಯಾವ ದಿನ ಎಲೆ ಉದುರಿಸಿತು, ನೇರಳೆ ಎಂದು ಮೊಗ್ಗಾಯಿತು, ಎಷ್ಟು ಹೊತ್ತು ಮಳೆ ಬಂತು, ಯಾವ ಪೆಟ್ಟಿಗೆ ಎಷ್ಟು ಕೊಟ್ಟಿತು ಎಂಬುದಷ್ಟೇ ಇದೆ. ಮೇ ಕೊನೆಯಲ್ಲಿ ಅದನ್ನು ಎರವಲು ತಂದು, ನಮ್ಮ ಸುತ್ತಿನ ಒಂದು ಕಿಲೋಮೀಟರ್‌ಗೆ ಸಂಬಂಧಿಸಿದ್ದನ್ನೆಲ್ಲ ನಕಲು ಮಾಡಿಕೊಂಡೆ. ನಾಲ್ಕು ಪೆಟ್ಟಿಗೆಗಳನ್ನು ಮಾತ್ರ ಮನೆಯ ಹಿಂದೆ ಉಳಿಸಿ, ಐದನ್ನು ಹೊಳೆಯಾಚೆಗಿನ ಕಾಡಿನ ಅಂಚಿಗೆ ಒಯ್ಯಲು ಅಲ್ಲಿನ ಜಾಗದವರ ಒಪ್ಪಿಗೆ ಪಡೆದಿದ್ದೇನೆ. ಈಗ 2025ರ ಜುಲೈ. ಮಳೆ ಬಿಟ್ಟ ಸಂಜೆಗಳಲ್ಲಿ ಪಾಕ ಕೊಡುತ್ತೇನೆ, ಅಡಿಮಣೆ ಗುಡಿಸಿ ಮೇಣದ ಹುಳು ಇದೆಯೇ ನೋಡುತ್ತೇನೆ, ಸ್ಟ್ಯಾಂಡಿನ ಕಾಲಿನ ಬಟ್ಟಲುಗಳಿಗೆ ಇರುವೆ ಹತ್ತದಂತೆ ನೀರು ತುಂಬಿಸುತ್ತೇನೆ. ನಿನ್ನೆ ಏಳನೆಯ ಪೆಟ್ಟಿಗೆಯ ಬಾಗಿಲಲ್ಲಿ ಕಾಲಿಗೆ ಹಳದಿ ಪರಾಗದ ಉಂಡೆ ಕಟ್ಟಿಕೊಂಡು ಬಂದ ಒಂದು ನೊಣವನ್ನು ಕಂಡೆ. ಅಡಿಕೆಯದೋ ತೆಂಗಿನದೋ ತಿಳಿಯಲಿಲ್ಲ. ತಾರೀಕು ಹಾಕಿ ಬರೆದಿಟ್ಟುಕೊಂಡಿದ್ದೇನೆ.